ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲೇ ನಡೆದು ಹೋಗೋದು: ಯಾವಾಗ, ಹೇಗೆ, ಎಲ್ಲಿ ಹುಷಾರಾಗಿರ್ಬೇಕು?

ಮಲ್ಲೇಶ್ವರದ ನಡಿಗೆ
ಎಲ್ಲರಿಗೂ ನಮಸ್ಕಾರ. ಜನವರಿಲಿ ಕುಮಟಾದಿಂದ ಗೋಕರ್ಣದವರೆಗೆ ಸಮುದ್ರದ ಪಕ್ಕದಲ್ಲೇ ಗುಡ್ಡ ಹತ್ತಿ ಇಳಿದು ನಡೀಬೇಕು ಅಂತ ಇದೀವಿ. ನಾನು, ತಂಗಿ, ಅವಳ ಮಗ, ಅವನಿಗೆ 12 ವರ್ಷ, ಹಕ್ಕಿ ಅಂದ್ರೆ ಪ್ರಾಣ. ಬೆಂಗಳೂರಿಂದ ಪ್ಯಾಕೇಜ್ ಮಾಡೋರನ್ನ ವಿಚಾರಿಸಿದೆ, ಒಂದು ಬಸ್ಸಲ್ಲಿ ನಲವತ್ತು ಜನ, ಬೀಚಲ್ಲಿ ಟೆಂಟು, ಕ್ಯಾಂಪ್‌ಫೈರು, ಸ್ಪೀಕರ್ರು ಅಂದ್ರು. ನಮಗೆ ಅದು ಬೇಡ. ನಾವೇ ನಿಧಾನಕ್ಕೆ ನಡೀಬೇಕು, ಮಿರ್ಜಾನ್ ಕೋಟೆನೂ ನೋಡಬೇಕು. ದಾರಿ ತಪ್ಪೋ ಥರ ಇದೆಯಾ? ನದಿ ಹೇಗೆ ದಾಟೋದು? ಮಗುಗೆ ಏನೇನು ಪ್ರಾಣಿ ಪಕ್ಷಿ ತೋರಿಸಬಹುದು? ಗೊತ್ತಿರೋರು ದಯವಿಟ್ಟು ಹೇಳಿ.

ಹೊಳೆಬಾಗಿಲು
ನಾನು ಕುಮಟಾದವ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರಿತೇನೆ. ರೈಲಲ್ಲಿ ಬರೋದಾದ್ರೆ ಪಂಚಗಂಗಾ ಹಿಡೀರಿ, ಬೆಂಗಳೂರಲ್ಲಿ ಸಂಜೆ ಹತ್ತಿ ಬೆಳಿಗ್ಗೆ ಕುಮಟಾದಲ್ಲಿ ಇಳೀಬಹುದು. ಹೆಡ್‌ಬಂದರಿಂದ ಶುರು ಮಾಡಿ, ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಬಾಡ, ನಿರ್ವಾಣ, ಆಮೇಲೆ ಅಘನಾಶಿನಿ ಊರು. ಅಲ್ಲಿ ನದಿ ಸಮುದ್ರ ಸೇರ್ತದೆ, ಬಾರ್ಜ್ ಹತ್ತಿ ಆಚೆ ದಡ ತದಡಿಗೆ ಹೋಗ್ಬೇಕು. ತದಡಿ ಅಂದ್ರೆ ದೊಡ್ಡ ಮೀನುಗಾರಿಕೆ ಬಂದರು, ಮುಂದೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ಒಂದೇ ದಿನಕ್ಕೆ ಓಡಿ ಮುಗಿಸೋರಿದ್ದಾರೆ, ನೀವು ಮಾತ್ರ ಹಾಗೆ ಮಾಡಬೇಡಿ, ಎರಡು ದಿನ ಇಟ್ಕೊಳ್ಳಿ, ಅಘನಾಶಿನಿ ಅಥವಾ ಬಾಡದ ಕಡೆ ಯಾರದ್ದಾದ್ರೂ ಮನೆ ಹೋಮ್‌ಸ್ಟೇಲಿ ಉಳೀರಿ.

ಒಂದು ಬೀಚಿಗೂ ಇನ್ನೊಂದಕ್ಕೂ ನಡುವೆ ಪ್ರತೀ ಸಲ ಒಂದು ಗುಡ್ಡದ ಮೂತಿ ಸಮುದ್ರಕ್ಕೆ ಚಾಚಿಕೊಂಡಿರ್ತದೆ. ಮೇಲೆ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಬಯಲು, ಕೆಳಗೆ ಕಪ್ಪು ಬಂಡೆ. ಮೇಲಿಂದ ಹೋಗೋ ಕಾಲುದಾರಿ ಊರವರದ್ದು, ದನ ಮೇಯಿಸೋರು, ಗಾಳ ಹಾಕೋರು ದಿನಾ ಓಡಾಡೋದು. ದಾರಿ ತಪ್ಪಿದ್ರೂ ಎಂತ ಅಡ್ಡಿಲ್ಲ, ಸಮುದ್ರ ಎಡಗಡೆ ಇದ್ರೆ ಸರಿ ದಿಕ್ಕಲ್ಲೇ ಇದ್ದೀರಿ ಅಂತ ಲೆಕ್ಕ.

ಧಾರವಾಡ ಪೇಢಾ
ಜನವರಿ ಛೋಲೋ ಟೈಮ್ ರೀ. ಆದ್ರ ಮಧ್ಯಾಹ್ನ ಬಿಸಿಲು ಭಾಳ ಇರ್ತದ, ಆ ಗುಡ್ಡದ ಮ್ಯಾಲೆ ಒಂದು ಗಿಡದ ನೆರಳಿಲ್ಲ. ಬೆಳಗ್ಗೆ ಆರಕ್ಕ ಹೊಂಟು ಹನ್ನೊಂದಕ್ಕ ಎಲ್ಲ್ಯರ ಕುಂದರ್ರಿ, ಮತ್ತ ಮೂರೂವರಿಗೆ ಏಳ್ರಿ. ನೀರು ಒಬ್ಬರಿಗೆ ಮೂರು ಲೀಟರ್ ಬೇಕ ಬೇಕು.

ಸುಮ್ನೆ ಓದೋಳು
ಕಡ್ಲೆ ಬೀಚಿಗೂ ಕುಡ್ಲೆ ಬೀಚಿಗೂ ವ್ಯತ್ಯಾಸ ಇದೆಯಾ? ಮ್ಯಾಪಲ್ಲಿ ಎರಡೂ ಬರ್ತಿದೆ.

ಹೊಳೆಬಾಗಿಲು
ಬೇರೆ ಬೇರೆ. ಕಡ್ಲೆ ಇರೋದು ಕುಮಟಾ ಹತ್ರ ಹೊಲನಗದ್ದೆಲಿ, ಕುಡ್ಲೆ ಗೋಕರ್ಣದ್ದು. ಮಧ್ಯ ಇಡೀ ಅಘನಾಶಿನಿ ಹೊಳೆ ಇದೆ. ಆಟೋದವರಿಗೆ ಊರಿನ ಹೆಸರೂ ಸೇರಿಸಿ ಹೇಳಿ, ಇಲ್ದಿದ್ರೆ ರೂಮ್ ಒಂದು ಕಡೆ ಜನ ಒಂದು ಕಡೆ ಆಗ್ತದೆ.

ಟ್ರೆಕ್ ಮಂಜ
ಗುರು ಇದಕ್ಕೆಲ್ಲಾ ಇಷ್ಟು ಪ್ಲಾನಿಂಗ್ ಯಾಕೆ, ಬ್ಯಾಗ್ ಹಾಕ್ಕೊಂಡು ನಡೀತಾ ಇರಿ ಅಷ್ಟೇ. ಬಂಡೆ ಮೇಲೇ ಹೋಗಿ, ಮೇಲಿನ ದಾರಿಗಿಂತ ಅದು ಸೂಪರ್, ನಾವು ಹಾಫ್ ಮೂನಿಂದ ಪ್ಯಾರಡೈಸಿಗೆ ಪೂರ್ತಿ ಬಂಡೆ ಮೇಲೇ ಹೋಗಿದ್ವಿ.

ಹೊಳೆಬಾಗಿಲು
@ಟ್ರೆಕ್ ಮಂಜ, ಮಗು ಕರ್ಕೊಂಡು ಬರೋರಿಗೆ ಹೀಗೆ ಹೇಳಬೇಡಿ ಮಾರಾಯ್ರೆ. ನೀವು ಹೋದಾಗ ಇಳಿತ ಇದ್ದಿರ್ಬೇಕು. ಉಬ್ಬರದಲ್ಲಿ ಅದೇ ಬಂಡೆ ಬುಡಕ್ಕೆ ಅಲೆ ಬಂದು ಹೊಡೀತದೆ, ಹಿಂದೆ ಬಂದ ದಾರಿ ಮುಚ್ಚಿ ಹೋಗ್ತದೆ, ಮುಂದೆ ಗೋಡೆ. ಬಂಡೆ ಮೇಲೆ ಪಾಚಿ, ಪಾಚಿ ಇಲ್ಲದ ಕಡೆ ಬಂಡೆಗೆ ಅಂಟಿ ಬೆಳೆಯೋ ಕಲ್ವದ, ಅಂದ್ರೆ ಸಿಂಪಿಯ, ಬ್ಲೇಡಿನಷ್ಟು ಚೂಪಾದ ಚಿಪ್ಪು. ಜಾರಿದ್ರೆ ಅಂಗೈ ಸೀಳಿಯೇ ಹೋಗೋದು. ಗೋಕರ್ಣದ ಬೀಚುಗಳಲ್ಲಿ ಪ್ರತೀ ವರ್ಷ ಪ್ರವಾಸಿಗರು ಮುಳುಗಿ ಸಾಯ್ತಾರೆ, ಹುಡುಕಲಿಕ್ಕೆ ದೋಣಿ ತಗೊಂಡು ಹೋಗೋರು ನಮ್ಮೂರವರೇ.

ಟ್ರೆಕ್ ಮಂಜ
ಸರಿ ಸರ್, ಆದ್ರೆ ಉಬ್ಬರ ಇಳಿತ ಅಂತ ಸಾಮಾನ್ಯ ಜನಕ್ಕೆ ಹೇಗೆ ಗೊತ್ತಾಗ್ಬೇಕು? ಅದನ್ನ ಹೇಳಿ ಮತ್ತೆ.

ಅಳಿವೆ
ನಾನು ಹೇಳ್ತೇನೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಪ್ರತಿ ದಿನ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ. ಅಮಾಸೆ ಹುಣ್ಣಿಮೆ ಆಸುಪಾಸಲ್ಲಿ ಉಬ್ಬರ ಜೋರು, ಇಳಿತನೂ ಜೋರು, ಅಷ್ಟಮಿ ಹೊತ್ತಿಗೆ ಎರಡೂ ಸಣ್ಣ. ಕಾರವಾರದ ಟೈಡ್ ಟೇಬಲ್ ಫೋನಲ್ಲೇ ಸಿಗ್ತದೆ, ಕುಮಟಾಗೂ ಹೆಚ್ಚು ಕಮ್ಮಿ ಅದೇ. ಮಗುಗೆ ಬಂಡೆ ಹೊಂಡ ತೋರಿಸೋದಾದ್ರೆ ಇಳಿತ ಪೂರ್ತಿ ಆಗೋಕೆ ಒಂದು ಗಂಟೆ ಮುಂಚೆ ಇಳೀರಿ, ನೀರು ತಿರುಗಿತು ಅಂದ ಕೂಡ್ಲೇ ಮೇಲೆ ಹತ್ತಿ. ಯಾರನ್ನೂ ಕೇಳೋಕೆ ಸಿಗದಿದ್ರೆ ಬಂಡೆಯ ಬಣ್ಣ ನೋಡಿ, ಉಬ್ಬರದ ನೀರು ಎಲ್ಲಿವರೆಗೆ ಬರ್ತದೋ ಅಲ್ಲಿವರೆಗೆ ಕಪ್ಪು, ಅಲ್ಲಿಂದ ಮೇಲೆ ಕೆಂಪು. ಆ ಗೆರೆಗಿಂತ ಮೇಲೇ ಇರಿ.

ಮಲ್ಲೇಶ್ವರದ ನಡಿಗೆ
ಇದು ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಥ್ಯಾಂಕ್ಸ್. ಆ ಹೊಂಡಗಳಲ್ಲಿ ಏನಿರುತ್ತೆ?

ಅಳಿವೆ
ಸನ್ಯಾಸಿ ಏಡಿ ನೋಡಬಹುದು, ಬೇರೆ ಶಂಖದ ಚಿಪ್ಪಲ್ಲಿ ಮನೆ ಮಾಡ್ಕೊಂಡು ಎಳ್ಕೊಂಡು ಹೋಗ್ತಿರ್ತದೆ. ಕಡಲ ಹೂವು ಇರ್ತದೆ, ಮುಟ್ಟಿದ ಕೂಡ್ಲೇ ಮುಚ್ಚಿಕೊಳ್ತದೆ. ಬಂಡೆ ಹಿಡಿದ ಮೆತ್ತನೆ ಹಸಿರು ಹಾಸು ಇದ್ರೆ ಪಾಚಿ ಅಂತ ತುಳೀಬೇಡಿ, ಒಮ್ಮೊಮ್ಮೆ ಅದೂ ಪ್ರಾಣಿಗಳ ಗುಂಪೇ. ಮರಳಲ್ಲಿ ಇಳಿತದ ಹೊತ್ತಿಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಮರಳುಂಡೆಗಳು ಸಾವಿರಗಟ್ಟಲೆ ಬಿದ್ದಿರ್ತವೆ, ಒಂದೊಂದು ತೂತಿನ ಸುತ್ತ ಕಿರಣದ ಥರ ಸಾಲು. ಮಕ್ಕಳು ಅದನ್ನ ಯಾರೋ ಬಿಡಿಸಿದ ರಂಗೋಲಿ ಅಂತಾರೆ. ಸಣ್ಣ ಏಡಿ ಮರಳನ್ನ ಬಾಯಿಗೆ ಹಾಕ್ಕೊಂಡು ಅದಕ್ಕೆ ಅಂಟಿದ ಆಹಾರ ತಿಂದು ಉಳಿದ ಮರಳನ್ನ ಉಂಡೆ ಮಾಡಿ ಹಿಂದೆ ಬಿಡೋದು. ಅಲುಗಾಡದೆ ಎರಡು ನಿಮಿಷ ಕೂತ್ರೆ ತೂತಿಂದ ಹೊರಗೆ ಬಂದು ನಿಮ್ಮೆದುರೇ ಮಾಡ್ತವೆ.

ರೆಕ್ಕೆಪುಕ್ಕ
ಹಕ್ಕಿ ವಿಷಯಕ್ಕೆ ನಾನು ಬರ್ತೀನಿ. ನಿಮ್ಮ ಹುಡುಗನಿಗೆ ಮೊದಲು ತೋರಿಸಬೇಕಾದ್ದು ಬಿಳಿ ಹೊಟ್ಟೆಯ ಕಡಲ ಹದ್ದು. ಕೆಳಗಿಂದ ನೋಡಿದ್ರೆ ಮೈಯೆಲ್ಲಾ ಬಿಳಿ, ರೆಕ್ಕೆಯ ಅಂಚು ಕಪ್ಪು, ಬಾಲ ಬೆಣೆ ಆಕಾರ. ಗುಡ್ಡದ ಅಂಚಲ್ಲಿ ಗಾಳಿ ಮೇಲಕ್ಕೆ ಏರುತ್ತಲ್ಲ, ಅದನ್ನೇ ಹಿಡ್ಕೊಂಡು ರೆಕ್ಕೆ ಬಡಿಯದೆ ತೇಲುತ್ತೆ, ನೀವು ಗುಡ್ಡದ ಮೇಲಿದ್ರೆ ಕಣ್ಣಿನ ಮಟ್ಟದಲ್ಲೇ ಹಾದು ಹೋಗುತ್ತೆ. ಮೀನಷ್ಟೇ ಅಲ್ಲ, ಕಡಲ ಹಾವನ್ನೂ ಹಿಡಿಯುತ್ತೆ. ಎತ್ತರದ ಮರದಲ್ಲಿ ಒಂದೇ ಗೂಡನ್ನ ವರ್ಷ ವರ್ಷ ರಿಪೇರಿ ಮಾಡ್ಕೊಂಡು ಬಳಸುತ್ತೆ, ಆ ಮರ ಕಡಿದ್ರೆ ಜೋಡಿ ಆ ಜಾಗನೇ ಬಿಡಬಹುದು. ಆದ್ದರಿಂದ ಗೂಡು ಕಂಡ್ರೆ ದೂರದಿಂದ ನೋಡಿ ಬನ್ನಿ, ಲೊಕೇಶನ್ ಎಲ್ಲೂ ಹಾಕಬೇಡಿ.

ತದಡಿ ಬಂದರಿನ ಮೇಲೆ ಗರುಡಗಳು ಸುತ್ತುತ್ತಾನೇ ಇರ್ತವೆ. ಚಳಿಗಾಲ ಆದ್ದರಿಂದ ವಲಸೆ ಬಂದ ಕಡಲಕ್ಕಿ, ಗೊರವಗಳು ನದಿ ಸಮುದ್ರ ಸೇರೋ ಅಳಿವೆಯ ಕೆಸರಲ್ಲಿ ಸಿಗ್ತವೆ. ಬಾರ್ಜ್ ಮೇಲೆ ನಿಂತು ನೀರು ನೋಡ್ತಾ ಇರಿ, ಅದೃಷ್ಟ ಇದ್ರೆ ಡಾಲ್ಫಿನ್ ಬೆನ್ನು ಕಾಣುತ್ತೆ, ಇಲ್ಲಿನದ್ದು ಗೂನು ಬೆನ್ನಿನ ಜಾತಿ, ದಡದ ಹತ್ತಿರದ ಆಳವಿಲ್ಲದ ನೀರಲ್ಲೇ ಇರೋದು.

ಘಟ್ಟದ ಮೇಲಿನವ
ನೀರುನಾಯಿ ಮರೆತ್ರಲ್ಲ! ಅಘನಾಶಿನಿಯ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡಗಳ ಹತ್ರ ಬೆಳಿಗ್ಗೆ ಬೆಳಿಗ್ಗೆ ಹೋದ್ರೆ ಹೆಜ್ಜೆ ಗುರುತಾದ್ರೂ ಸಿಗ್ತು. ಕೆಸರಲ್ಲಿ ಐದು ಬೆರಳು, ನಡುವೆ ಜಾಲ. ಹತ್ತಿರದಲ್ಲೇ ಮೀನು ಮುಳ್ಳು ಏಡಿ ಚಿಪ್ಪು ತುಂಬಿದ ಹಿಕ್ಕೆ, ವಾಸನೆ ಬಂದ್ರೆ ಗೊತ್ತಾಗ್ತು.

ಪಟ್ಟಣದ ಹುಡುಗಿ
ನಮ್ಮ ಗ್ರೂಪ್ ಕಳೆದ ಸಲ ಬೀಚಲ್ಲೇ ಟೆಂಟ್ ಹಾಕಿ ಮಲಗಿತ್ತು, ತುಂಬಾ ಚೆನ್ನಾಗಿತ್ತು, ನಕ್ಷತ್ರ ಎಲ್ಲಾ ಕಾಣಿಸ್ತಿತ್ತು. ಹೋಮ್‌ಸ್ಟೇ ಯಾಕೆ ಬೇಕು? ಟೆಂಟ್ ಹಾಕಿದ್ರೆ ಯಾರಿಗೆ ಏನು ತೊಂದರೆ?

ಅಳಿವೆ
ಆಮೆಗೆ ತೊಂದರೆ. ಆಲಿವ್ ರಿಡ್ಲಿ ಆಮೆ ನಮ್ಮ ಕರಾವಳಿಗೆ ಮೊಟ್ಟೆ ಇಡೋಕೆ ಬರೋದು ನೀವು ಟ್ರೆಕ್ಕಿಗೆ ಬರೋ ಅದೇ ಚಳಿಗಾಲದಲ್ಲಿ, ಅದೂ ರಾತ್ರಿ. ನಲವತ್ತು ಕೆಜಿ ತೂಕದ ಹೆಣ್ಣು ಆಮೆ ಮರಳಲ್ಲಿ ತೆವಳಿಕೊಂಡು ಉಬ್ಬರದ ಗೆರೆ ದಾಟಿ ಮೇಲೆ ಬರ್ತದೆ, ಟಾರ್ಚು ಬೆಂಕಿ ಮಾತು ಕಂಡ್ರೆ ಮೊಟ್ಟೆ ಇಡದೇ ವಾಪಸ್ ಹೋಗಿಬಿಡ್ತದೆ. ಇಟ್ರೆ ಒಂದು ಗೂಡಲ್ಲಿ ಸುಮಾರು ನೂರು ಮೊಟ್ಟೆ, ಮರಿ ಬರೋಕೆ 45ರಿಂದ 60 ದಿನ. ಮರಿಗಳು ಹೊರಗೆ ಬಂದ ಕೂಡ್ಲೇ ಬೆಳಕಿರೋ ಕಡೆ ಓಡ್ತವೆ. ಕತ್ತಲ ರಾತ್ರಿಲಿ ಸಮುದ್ರವೇ ಬೆಳಗಿರ್ತದೆ, ಅದನ್ನ ನಂಬಿ ನೀರಿಗೆ ಹೋಗ್ತವೆ. ದಡದ ಕಡೆ ರೆಸಾರ್ಟ್ ಲೈಟು ಇದ್ರೆ ಆ ಕಡೆ ಹೋಗಿ ಬೆಳಿಗ್ಗೆ ಬಿಸಿಲಿಗೆ, ಕಾಗೆಗೆ, ನಾಯಿಗೆ ಸಿಕ್ಕಿ ಸಾಯ್ತವೆ. ಅರಣ್ಯ ಇಲಾಖೆಯವರು, ಊರ ಮೀನುಗಾರರು ಗೂಡು ಸಿಕ್ಕಿದ ಕಡೆ ಬಲೆ ಕಟ್ಟಿ ಕಾಯ್ತಾರೆ. ಸಿಗದ ಗೂಡುಗಳ ಮೇಲೆ ನಿಮ್ಮ ಟೆಂಟಿನ ಗೂಟ.

ಪಟ್ಟಣದ ಹುಡುಗಿ
ಇದು ನಮಗೆ ಯಾರೂ ಹೇಳಲೇ ಇಲ್ಲ, ಕರ್ಕೊಂಡು ಹೋದವರೂ ಹೇಳಲಿಲ್ಲ. ಒಂದು ಬೋರ್ಡಾದ್ರೂ ಇರಬಾರದಾ ಅಲ್ಲಿ?

ಟ್ರೆಕ್ ಮಂಜ
ಹಾಗಾದ್ರೆ ರೆಸಾರ್ಟ್ ಲೈಟು ಆರಿಸೋಕೆ ಹೇಳಿ ಮೊದಲು, ಬಡ ಟ್ರೆಕ್ಕರ್ ಮೇಲೇ ಯಾಕೆ ಎಲ್ಲಾ.

ಅಳಿವೆ
ಎರಡೂ ಹೇಳ್ತಿದ್ದೇನಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ರಸ್ತೆ ಆಮೆ ಗೂಡಿಡೋ ಮರಳ ಮೇಲೇ ಹೋಗ್ತದೆ ಅಂತ ಮೀನುಗಾರ ಹೆಂಗಸರೇ ಬೀದಿಗೆ ಇಳಿದ್ರು. ದೊಡ್ಡೋರ ಜೊತೆ ಜಗಳ ಆಡೋರು ಅವರು. ನೀವು ಟಾರ್ಚ್ ಆರಿಸಿ ಮನೇಲಿ ಮಲಗಿದ್ರೆ ಸಾಕು, ಅಷ್ಟು ಸಣ್ಣ ವಿಷಯ.

ಚಿರೆಕಲ್ಲು
ಎಲ್ಲರೂ ಬೀಚಲ್ಲೇ ಇದ್ದೀರಿ, ಪ್ರಶ್ನೆಲಿ ಮಿರ್ಜಾನ್ ಕೋಟೆನೂ ಇತ್ತು. ಕುಮಟಾದಿಂದ ಹತ್ತು ಹನ್ನೊಂದು ಕಿಲೋಮೀಟರ್, ಹೆದ್ದಾರಿ 66ರಿಂದ ಸ್ವಲ್ಪವೇ ಒಳಗೆ. ಅದನ್ನ ನಡಿಗೆ ದಿನಕ್ಕೆ ಸೇರಿಸಬೇಡಿ, ಬಂದ ದಿನ ಸಂಜೆ ನೋಡಿ. ಅಘನಾಶಿನಿ ಹೊಳೆ ಬಳಿಯ ಕೋಟೆ, ಪೂರ್ತಿ ಚಿರೆಕಲ್ಲಿನದ್ದು, ಸುತ್ತ ಕಂದಕ, ಒಳಗೆ ದೊಡ್ಡ ದೊಡ್ಡ ಬಾವಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಟ್ಟಿಸಿದ್ದು. 1552ರಿಂದ 1606ರವರೆಗೆ, ಅಂದ್ರೆ 54 ವರ್ಷ ಆಳಿದವಳು, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದಿದ್ದು ಇವಳನ್ನೇ. ಘಟ್ಟದ ಮೆಣಸು ಈ ಹೊಳೆಲಿ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು.

ಇತಿಹಾಸ ಮೇಷ್ಟ್ರು
ಕಟ್ಟಿಸಿದ್ದು ಅವಳೇ ಅಂತ ಅಷ್ಟು ಖಡಾಖಂಡಿತವಾಗಿ ಹೇಳಕ್ಕಾಗಲ್ಲ. ಅದಕ್ಕೂ ಮುಂಚೆ ಭಟ್ಕಳ ಕಡೆಯ ಮುಸ್ಲಿಂ ವ್ಯಾಪಾರಿಗಳಾದ ನವಾಯತರು ಕಟ್ಟಿದ್ದು ಅನ್ನೋ ವಾದವೂ ಇದೆ, ಬಿಜಾಪುರದವರ ಹೆಸರೂ ಬರುತ್ತೆ. ಅವಳು ಇಲ್ಲಿಂದ ವ್ಯಾಪಾರ ನಡೆಸಿದಳು, ಕೋಟೆ ಅವಳ ಕೈಲಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಕೊನೆಗೆ ಕೆಳದಿಯವರು ಬಿಳಗಿಯವರ ಜೊತೆ ಸೇರಿ ಅವಳನ್ನ ಸೋಲಿಸಿದರು. 2000–01ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಚೀನಾ ಪಿಂಗಾಣಿ ಚೂರು, ಫಿರಂಗಿ ಗುಂಡು, 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿದೆ. ಒಂದು ಹೊಳೆ ಬಾಯಿಗೆ ಎಲ್ಲೆಲ್ಲಿಂದ ಸಾಮಾನು ಬರ್ತಿತ್ತು ನೋಡಿ.

ಚಿರೆಕಲ್ಲು
ಮೇಷ್ಟ್ರೇ ನವಾಯತರದ್ದು ಹಳೆಯದು ಇದ್ದಿರಬಹುದು, ಈಗ ನಿಂತಿರೋದು ಅವಳ ಕಾಲದ್ದು ಅಂತಲೇ ನಾವು ಚಿಕ್ಕಂದಿನಿಂದ ಕೇಳಿರೋದು. ಊರಲ್ಲಿ ಅವಳ ಹೆಸರು ಬಿಟ್ಟು ಬೇರೆ ಯಾರ ಹೆಸರೂ ಹೇಳಲ್ಲ.

ಇತಿಹಾಸ ಮೇಷ್ಟ್ರು
ಊರ ನೆನಪಿಗೆ ಅದರದ್ದೇ ಬೆಲೆ ಇದೆ, ಒಪ್ಪಿದೆ. ಆದ್ರೆ ನೆನಪು ಬೇರೆ ಶಾಸನ ಬೇರೆ. ಇನ್ನೊಂದು ಹೇಳ್ತೀನಿ, ಅಘನಾಶಿನಿ ಬಾಯಲ್ಲಿ ರಾಜಮಂದುರ್ಗ ಅಂತ ಇನ್ನೊಂದು ಕೋಟೆ ಇತ್ತು, ಟ್ರೆಕ್ಕಿಗೆ ಬರೋರು ಅದರ ಹೆಸರೇ ಕೇಳಿರಲ್ಲ. 1782ರ ಕೊನೆ ಹೊತ್ತಿಗೆ ಹೈದರ್ ತೀರಿಕೊಂಡ ಸಮಯದಲ್ಲೇ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಬೊಂಬಾಯಿಂದ ಹಡಗಲ್ಲಿ ಬಂದು ಮೊದಲು ಹಿಡಿದಿದ್ದು ಇದನ್ನೇ. ಆಮೇಲೆ ಹೊನ್ನಾವರ, ಆಮೇಲೆ ಘಟ್ಟ ಹತ್ತಿ ಬಿದನೂರು. 1783ರಲ್ಲಿ ಟಿಪ್ಪು ಬಿದನೂರನ್ನ ಮುತ್ತಿ ಅವನನ್ನ ಸೆರೆ ಹಿಡಿದ, ಶ್ರೀರಂಗಪಟ್ಟಣದ ಸೆರೆಲೇ ಅವನು ಸತ್ತ. ಅಷ್ಟೆಲ್ಲಾ ಶುರುವಾಗಿದ್ದು ನೀವು ಬಾರ್ಜಿಗೆ ಕಾಯೋ ಆ ಊರಲ್ಲಿ.

ಧಾರವಾಡ ಪೇಢಾ
ನಮ್ಮ ಕಡೆ ಸಂಬಂಧಾನೂ ಅದ ಇದಕ್ಕ. ಹುಬ್ಬಳ್ಳಿ ಧಾರವಾಡ ಸೀಮಿ ಹತ್ತಿ ಬಂಡಿ ಮ್ಯಾಲೆ ದೇವಿಮನೆ ಘಟ್ಟ ಇಳದು ಕುಮಟಾ ಬಂದರಕ್ಕ ಹೋಗ್ತಿತ್ತು, ಅಲ್ಲಿಂದ ಬೊಂಬಾಯಿಗೆ. ಪ್ಯಾಟ್ಯಾಗ ಅದಕ್ಕ ಕುಮಟಾ ಹತ್ತಿ ಅಂತನ ಹೆಸರು. ಕುಮಟಾದಾಗ ಒಂದು ಹತ್ತಿ ಗಿಡ ಬೆಳೀತಿರಲಿಲ್ಲ, ಹೆಸರು ಮಾತ್ರ ಅವರದು! 1860ರ ದಶಕದಾಗ ಅಮೆರಿಕಾದಾಗ ಅಂತರ್ಯುದ್ಧ ನಡದು ಅಲ್ಲಿ ಹತ್ತಿ ಬರೋದು ನಿಂತಾಗ ಈ ಬಂದರಕ್ಕ ಸುಗ್ಗಿ. 1862ರಾಗ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕ ಹೋಗೋದಕ್ಕೂ ಹತ್ತಿ ವ್ಯಾಪಾರನ ಒಂದು ಕಾರಣ. ಹೆಡ್‌ಬಂದರದಾಗ ನಿಂತಾಗ ಇದನ್ನ ಹುಡುಗಗ ಹೇಳ್ರಿ.

ಸುಮ್ನೆ ಓದೋಳು
ಟ್ರೆಕ್ ಕೇಳೋಕೆ ಬಂದು ಹತ್ತಿವರೆಗೂ ಬಂದ್ವಿ. ಇಷ್ಟ ಆಯ್ತು, ನಿಲ್ಲಿಸಬೇಡಿ.

ಲಂಡನ್ ಕನ್ನಡಿಗ
ಇಂಗ್ಲೆಂಡಿಂದ ಬರೀತಿದೀನಿ. ಇಲ್ಲಿ ನೈರುತ್ಯ ಕರಾವಳಿ ಉದ್ದಕ್ಕೂ 630 ಮೈಲಿಯ ನಡಿಗೆ ದಾರಿ ಇದೆ, ಪ್ರತಿ ಕವಲಲ್ಲೂ ಮರದ ಕಂಬ, ಅದರ ಮೇಲೆ ಓಕ್ ಕಾಯಿಯ ಗುರುತು. ಒಂದು ಮಗುನೂ ದಾರಿ ತಪ್ಪಲ್ಲ. ಕೋಟೆ, ಹಕ್ಕಿ, ಹಡಗು ಮುಳುಗಿದ ಜಾಗ, ಎಲ್ಲದಕ್ಕೂ ಸಣ್ಣ ಫಲಕ. ನಮ್ಮ ಕುಮಟಾ–ಗೋಕರ್ಣದಲ್ಲಿ ಇದಕ್ಕಿಂತ ಚೆಂದದ ಜಾಗ ಇದೆ, ಸರ್ಕಾರ ಯಾಕೆ ಹೀಗೆ ಮಾಡಬಾರದು?

ಘಟ್ಟದ ಮೇಲಿನವ
ಬ್ಯಾಡ್ವೇ ಬ್ಯಾಡ. ಕಂಬ ನೆಟ್ರೆ ಅದರ ಹಿಂದೆ ಸಿಮೆಂಟ್ ಮೆಟ್ಟಿಲು, ಅದರ ಹಿಂದೆ ಪಾರ್ಕಿಂಗು, ಅದರ ಹಿಂದೆ ರೆಸಾರ್ಟು. ಓಂ ಬೀಚ್ ಮೊದಲು ಹ್ಯಾಂಗಿತ್ತು ಈಗ ಹ್ಯಾಂಗಿದ್ದು ನೋಡಿ.

ಲಂಡನ್ ಕನ್ನಡಿಗ
ಕಂಬ ಇಲ್ಲದೇನೇ ಓಂ ಬೀಚ್ ಹಾಗಾಗಿದ್ದು ಅಲ್ವಾ? ದಾರಿ ಸಾರ್ವಜನಿಕರದ್ದು ಅಂತ ಕಾಗದದ ಮೇಲೆ ಇದ್ರೆ ನಾಳೆ ಯಾರೋ ಜಾಗ ತಗೊಂಡು ಬೇಲಿ ಹಾಕೋಕಾಗಲ್ಲ. ಇಲ್ಲಿ ದಾರಿಯ ಹಕ್ಕು ಇರೋದರಿಂದಲೇ ಉಳಿದಿರೋದು.

ಹೊಳೆಬಾಗಿಲು
ಇದರಲ್ಲಿ ಲಂಡನ್‌ನವರ ಮಾತಿಗೆ ನನ್ನ ಓಟು. ಗುಡ್ಡದ ಮೇಲೆ ಈಗಾಗಲೇ ಕೆಲವು ಕಡೆ ತಂತಿ ಬೇಲಿ ಬಂದಿದೆ. ನಮ್ಮಜ್ಜ ಗಾಳ ಹಿಡ್ಕೊಂಡು ಹೋಗ್ತಿದ್ದ ದಾರಿಲಿ ಈಗ ಗೇಟು, ಗೇಟಲ್ಲಿ ವಾಚ್‌ಮನ್, ನಾನು ಯಾರು ಅಂತ ಅವನು ನನ್ನನ್ನ ಕೇಳ್ತಾನೆ. ದಾರಿ ಉಳೀಬೇಕು ಅಂದ್ರೆ ಅದು ದಾಖಲೆಲಿ ಬರಬೇಕು. ಕಂಬದ ಬದಲು ಬಂಡೆ ಮೇಲೆ ಸಣ್ಣ ಬಣ್ಣದ ಗುರುತು ಸಾಕು, ಸಿಮೆಂಟ್ ಬೇಡ, ಲೈಟ್ ಬೇಡ. ಫಲಕಕ್ಕೆ ಹಾಕೋ ದುಡ್ಡಲ್ಲಿ ನಮ್ಮೂರ ಹುಡುಗರಿಗೆ ತರಬೇತಿ ಕೊಟ್ಟು ಜೊತೆಗೆ ಕಳಿಸಿ.

ರೆಕ್ಕೆಪುಕ್ಕ
ಆ ಕಲ್ಲುಬಯಲು ಬರೀ ಖಾಲಿ ಜಾಗ ಅಂತ ಸಿಮೆಂಟ್ ಹಾಕೋರಿಗೆ ಮಳೆಗಾಲದಲ್ಲಿ ಒಂದು ಸಲ ಬಂದು ನೋಡಿ ಅಂತ ಹೇಳಬೇಕು. ಬೇಸಿಗೆಲಿ ಕಾದ ಹಂಚು, ಆಗಸ್ಟಲ್ಲಿ ಅಂಗೈಯಗಲದ ನೀರ ಹೊಂಡಗಳ ಸುತ್ತ ನೀಲಿ ಬಿಳಿ ಗುಲಾಬಿ ಹೂವು. ಅದರಲ್ಲಿ ನೀಲಿ ಹೂವಿನ ಒಂದು ಜಾತಿ ಹುಳ ತಿನ್ನೋ ಗಿಡ, ಬೇರಿನ ಜಾಗದಲ್ಲಿ ಸಣ್ಣ ಸಣ್ಣ ಚೀಲ ಇರ್ತವೆ, ನೀರಿನ ಕ್ರಿಮಿ ಹತ್ತಿರ ಬಂದ್ರೆ ಒಳಗೆ ಎಳ್ಕೊಳ್ಳುತ್ತೆ. ಚಿರೆಕಲ್ಲಲ್ಲಿ ಗೊಬ್ಬರ ಇಲ್ಲ, ಅದಕ್ಕೇ ಹೀಗೆ ಬದುಕೋದು.

ಮಲ್ಲೇಶ್ವರದ ನಡಿಗೆ
ಹಾಗಾದ್ರೆ ಮಳೆಗಾಲದಲ್ಲೇ ಬರಬಹುದಾ?

ಹೊಳೆಬಾಗಿಲು
ಈ ನಡಿಗೆಗೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ದೊಡ್ಡ ದೋಣಿಗಳೇ ದಡದಲ್ಲಿರೋ ಹೊತ್ತು ಅದು. ಅಲೆ ಗುಡ್ಡದ ಬುಡ ಅಗೀತಿರ್ತದೆ, ಅಂಚು ಕುಸೀತದೆ. ಹೂವು ನೋಡಬೇಕಿದ್ರೆ ಸೆಪ್ಟೆಂಬರ್ ಕೊನೆಗೆ ಬಂದು ಅಂಚಿಗೆ ಹೋಗದೆ ಬಯಲಲ್ಲಿ ಅಡ್ಡಾಡಿ.

ಬೇಲೆಕಾನದ ಸೊಸೆ
ಬಳಚು, ಅಂದ್ರೆ ಕೆಸರಲ್ಲಿರೋ ಎರಡು ಚಿಪ್ಪಿನ ಜೀವಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಅಘನಾಶಿನಿ ದಾಟೋವಾಗ ಇಳಿತ ಇದ್ರೆ ಸೊಂಟದವರೆಗೆ ನೀರಲ್ಲಿ ನಿಂತ ಜನ ಕಾಣ್ತಾರೆ, ಅದು ಬಳಚು ಆರಿಸೋದು. ಕಾಲಲ್ಲೇ ಕೆಸರು ತಡಕಿ ಗೊತ್ತು ಮಾಡ್ಕೊಂಡು ಮುಳುಗಿ ತೆಗೀತಾರೆ. ಎಷ್ಟೋ ಮನೆ ಒಲೆ ಉರಿಯೋದು ಇದರಿಂದಲೇ. ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದ್ರೆ ಕುಚ್ಚಲಕ್ಕಿ ಗಂಜಿ ಜೊತೆ ಬೇರೆ ಎಂತದೂ ಬೇಡ. ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ, ಒದ್ದೆ ಬಟ್ಟೆಲಿ ಕೆಲಸ ಮಾಡೋ ಹೆಂಗಸರ ವಿಡಿಯೋ ತೆಗೆದು ಹಾಕ್ತಾರೆ, ನಮಗೆ ತುಂಬಾ ಬೇಜಾರಾಗ್ತದೆ.

ಅಳಿವೆ
ಇದು ತುಂಬಾ ಮುಖ್ಯವಾದ ಮಾತು. ಈ ಹೊಳೆಗೆ ಶಿರಸಿ ಕಡೆಯ ಹುಟ್ಟಿನಿಂದ ಸಮುದ್ರದವರೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಎಲೆ, ಮಣ್ಣು, ಸಿಹಿನೀರು ಎಲ್ಲಾ ಅಳಿವೆಗೆ ಬರ್ತದೆ, ಅದಕ್ಕೇ ಬಳಚು, ಸೀಗಡಿ, ಕಾಂಡ್ಲಾ ಇಷ್ಟು ಚೆನ್ನಾಗಿರೋದು. ಪಕ್ಕದ ಶರಾವತಿ ಅಳಿವೆ ಜೊತೆ ಹೋಲಿಸಿದ್ರೆ ಗೊತ್ತಾಗ್ತದೆ, ಅಲ್ಲಿ ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡೋದ್ರಿಂದ ಉಪ್ಪಿನಂಶವೇ ಇಳಿದುಹೋಗಿದೆ. ತದಡಿಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರ್ತೀವಿ ಅಂದಾಗ ಜನ ಎದ್ದು ನಿಂತು ತಡೆದ್ರು. 2024ರ ಜನವರಿಲಿ ಅಳಿವೆಗೆ ರಾಮ್ಸರ್ ಮಾನ್ಯತೆ, ಅಂದ್ರೆ ಜೌಗು ಜಾಗ ಕಾಪಾಡೋ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ, ಸಿಕ್ತು, 4801 ಹೆಕ್ಟೇರ್.

ತದಡಿ ಬೋಟ್
ರಾಮ್ಸರ್ ಬಂದು ನಮಗೆ ಎಂತ ಸಿಕ್ತು ಹೇಳಿ. ನಾಳೆ ಇಲ್ಲಿ ಬಲೆ ಹಾಕಬೇಡ, ಅಲ್ಲಿ ದೋಣಿ ಕಟ್ಟಬೇಡ ಅಂದ್ರೆ? ಪೇಪರಲ್ಲಿ ಫೋಟೋ ಬಂತು ಅಷ್ಟೇ.

ಅಳಿವೆ
ನಿಮ್ಮ ಭಯ ಸುಳ್ಳಲ್ಲ. ಆದ್ರೆ ರಾಮ್ಸರ್ ಒಪ್ಪಂದದ ಮೂಲ ಮಾತೇ ಜೌಗು ಜಾಗವನ್ನ ಜನ ಹಿತಮಿತವಾಗಿ ಬಳಸೋದು, ಅಭಯಾರಣ್ಯದ ಥರ ಜನರನ್ನ ಹೊರಗೆ ಹಾಕೋದಲ್ಲ. ನಿರ್ವಹಣಾ ಯೋಜನೆ ಮಾಡುವಾಗ ಬಳಚು ಆರಿಸೋರು, ದೋಣಿಯವರು ಆ ಮೇಜಿನ ಮುಂದೆ ಕೂತಿರಬೇಕು, ಅದಕ್ಕೆ ಈಗಲೇ ಪಟ್ಟು ಹಿಡೀಬೇಕು. ಕೈಗಾರಿಕೆ ಮತ್ತೆ ಬಂದಾಗ ತೋರಿಸೋಕೆ ಕೈಯಲ್ಲಿ ಒಂದು ಕಾಗದ ಇರೋದು ಒಳ್ಳೇದೇ.

ತದಡಿ ಬೋಟ್
ಕೂರಿಸಿದ್ರೆ ಸೈ. ನೋಡೋಣ. ಬಾರ್ಜ್ ಬಗ್ಗೆ ಕೇಳಿದ್ರಲ್ಲ, ಬೈಕೂ ಹತ್ತಿಸ್ತಾರೆ, ಸಂಜೆ ಕೊನೆ ಟ್ರಿಪ್ ಎಷ್ಟಕ್ಕೆ ಅಂತ ಹೋಗೋ ದಿನವೇ ದಡದಲ್ಲಿ ಕೇಳಿ, ಗಾಳಿ ಜೋರಿದ್ರೆ ಬದಲಾಗ್ತದೆ. ತದಡಿ ಬಂದರಲ್ಲಿ ಬೆಳಿಗ್ಗೆ ಬೋಟ್ ಬರೋ ಹೊತ್ತಿಗೆ ಇದ್ರೆ ಹುಡುಗನಿಗೆ ಎಲ್ಲಾ ಮೀನು ನೋಡ್ಲಿಕ್ಕೆ ಸಿಗ್ತದೆ. ಬಲೆಯ ಕಸದಲ್ಲಿ ಹಾವು ಕಂಡ್ರೆ ಮುಟ್ಟೋಕೆ ಬಿಡಬೇಡಿ, ಕಡಲ ಹಾವು ಸತ್ತ ಹಾಗೆ ಬಿದ್ದಿರ್ತದೆ, ವಿಷ ಭಾರೀ.

ಸುಮ್ನೆ ಓದೋಳು
ಕೊನೆ ಭಾಗ ಯಾರೂ ಹೇಳಲಿಲ್ಲ, ಕುಡ್ಲೆಯಿಂದ ಗೋಕರ್ಣ ಊರಿಗೆ ರಸ್ತೆಲೇ ಹೋಗ್ಬೇಕಾ?

ಚಿರೆಕಲ್ಲು
ಬೇಡ, ಕುಡ್ಲೆ ಉತ್ತರದ ತುದಿಯಿಂದ ಗುಡ್ಡ ಹತ್ತಿ, ಇಳಿದ್ರೆ ರಾಮತೀರ್ಥ. ಸಮುದ್ರ ಪಕ್ಕದಲ್ಲೇ ಇದ್ರೂ ಗುಡ್ಡದೊಳಗಿಂದ ಸಿಹಿನೀರು ಬರ್ತದೆ. ಅಲ್ಲಿ ಮುಖ ತೊಳ್ಕೊಂಡು ಇಳಿದ್ರೆ ಗೋಕರ್ಣದ ದೊಡ್ಡ ಬೀಚು, ಮಹಾಬಲೇಶ್ವರ ದೇವಸ್ಥಾನ ಹತ್ತಿರ. ಶಿವರಾತ್ರಿ ವಾರ ಮಾತ್ರ ತಪ್ಪಿಸಿ, ರಥೋತ್ಸವಕ್ಕೆ ಜನಜಾತ್ರೆ, ಕಾಲಿಡೋಕೆ ಜಾಗ ಇರಲ್ಲ.

ಧಾರವಾಡ ಪೇಢಾ
ವಾಪಸ್ ಬರೋ ಮುಂದ ಹೆದ್ದಾರಿ ಪಕ್ಕ ಕುಮಟಾ ಸಿಹಿ ಉಳ್ಳಾಗಡ್ಡಿ ಸಿಗ್ತಾವೇನು ಜನವರಿಗೆ?

ಹೊಳೆಬಾಗಿಲು
ಜನವರಿಗೆ ಸ್ವಲ್ಪ ಬೇಗ ಆಯ್ತು, ಫೆಬ್ರವರಿ ದಾಟಿದ ಮೇಲೆ ಹಂದಿಗೋಣ, ಅಳ್ವೆಕೋಡಿ ಕಡೆ ಜಡೆ ಹೆಣೆದು ಸಾಲಾಗಿ ನೇತು ಹಾಕ್ತಾರೆ. ಜಡೆ ಬಿಚ್ಚದೆ ಹೊಗೆ ಗಾಳಿ ಆಡೋ ಕಡೆ ತೂಗಿ ಹಾಕಿದ್ರೆ ತಿಂಗಳುಗಟ್ಟಲೆ ಇರ್ತದೆ.

ಮಲ್ಲೇಶ್ವರದ ನಡಿಗೆ
ಟೆಂಟ್ ಯೋಚನೆ ಬಿಟ್ವಿ, ಅಘನಾಶಿನಿಲಿ ಮನೆಲೇ ಉಳ್ಕೊಳ್ತೀವಿ. ಕಗ್ಗ ಅಕ್ಕಿ ಅಂತ ಅಲ್ಲಿನದ್ದು ಕೇಳಿದೀನಿ, ಅದು ಉಪ್ಪುನೀರಲ್ಲಿ ಬೆಳೆಯೋದು ನಿಜನಾ?

ಬೇಲೆಕಾನದ ಸೊಸೆ
ನಿಜ, ಗಜನಿಲಿ, ಅಂದ್ರೆ ಹೊಳೆ ಪಕ್ಕದ ಉಪ್ಪುನೀರು ನುಗ್ಗೋ ತಗ್ಗು ಗದ್ದೆಲಿ, ಬೆಳೀತದೆ. ಮಳೆ ಬಂದು ಉಪ್ಪು ತೊಳೆದ ಮೇಲೆ ಬಿತ್ತೋದು, ಮಧ್ಯ ಉಪ್ಪುನೀರು ನುಗ್ಗಿದ್ರೂ, ನೆರೆ ಬಂದು ಕೆಲವು ದಿನ ಮುಳುಗಿದ್ರೂ ತಡ್ಕೊಳ್ತದೆ, ಗೊಬ್ಬರ ಹಾಕೋ ಹಾಗಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಸೀಗಡಿ ಮೀನು. ಈಗ ಕಟ್ಟೆ ಒಡೆದು ಬಿಟ್ಟ ಗದ್ದೆಗಳೇ ಜಾಸ್ತಿ, ಮಾಣಿಕಟ್ಟಾದವರು ಒಟ್ಟಾಗಿ ಬೆಳೆದು ಬೀಜ ಉಳಿಸ್ಕೊಂಡಿದ್ದಾರೆ. ಕೊಯ್ಲು ಅಕ್ಟೋಬರ್ ನವೆಂಬರಲ್ಲಿ, ಆದ್ದರಿಂದ ನೀವು ಬರೋ ಹೊತ್ತಿಗೆ ಹೊಸ ಅಕ್ಕಿ ಇರ್ತದೆ. ಅಂಗಡಿಲಿ ಹುಡುಕಬೇಡಿ, ಉಳಿಯೋ ಮನೆಯವರಿಗೆ ಮುಂಚೆನೇ ಫೋನ್ ಮಾಡಿ ಹೇಳಿ, ತೆಗೆದಿಡ್ತಾರೆ. ಕೆಂಪಕ್ಕಿ, ಬೇಯೋಕೆ ಹೊತ್ತು ಬೇಕು, ರಾತ್ರಿನೇ ನೆನೆಸಿಡಿ.